ಐದು ಎಕರೆಯಲ್ಲಿ ನಮ್ಮದೆಷ್ಟು?

ಲಾಸ್ ಏಂಜಲಿಸ್‌ನಿಂದ ಪೂರ್ವಕ್ಕೆ ಹೊರಟು, ಸ್ಯಾನ್ ಗೊರ್ಗೋನಿಯೊ ಕಣಿವೆಯ ಗಾಳಿಯಂತ್ರಗಳನ್ನು ದಾಟಿ, 62ನೇ ಹೆದ್ದಾರಿ ಹಿಡಿದು ಘಟ್ಟ ಏರಿದರೆ ಯಕ್ಕಾ ವ್ಯಾಲಿ, ಜೋಶುವಾ ಟ್ರೀ, ಟ್ವೆಂಟಿನೈನ್ ಪಾಮ್ಸ್ ಎಂಬ ಊರುಗಳು ಒಂದಾದ ಮೇಲೊಂದು ಸಿಗುತ್ತವೆ. ಕೊನೆಯ ಊರನ್ನೂ ಬಿಟ್ಟು ಮುಂದೆ ಹೋದವರಿಗೆ ವಂಡರ್ ವ್ಯಾಲಿ. ಇದಕ್ಕೆ ಪುರಸಭೆಯಿಲ್ಲ, ಪೇಟೆಬೀದಿಯಿಲ್ಲ. ಮೊಹಾವಿ ಮರುಭೂಮಿಯ ಬಯಲಿನಲ್ಲಿ, ಒಂದರ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರದಲ್ಲಿ ಚದುರಿದ ಮನೆಗಳು, ಅವುಗಳ ನಡುವೆ ಬಾಗಿಲು ಕಿಟಕಿ ಕಳಚಿ ಬರಿದಾದ ಪುಟ್ಟ ಕೋಣೆಗಳು, ಎಲ್ಲೆಡೆ ಕ್ರಿಯೊಸೋಟ್ ಪೊದೆ. ಮಕ್ಕಳು ಓದಿಗೆಂದು ಮನೆ ಬಿಟ್ಟ ಮೇಲೆ ನನ್ನ ಹೆಂಡತಿಯೂ ನಾನೂ ಅರ್ವೈನ್‌ನ ಬಾಡಿಗೆ ಮನೆಯನ್ನು ಬಿಟ್ಟು ಇಲ್ಲಿ ನೆಲೆಸುವುದೆಂದು ಗೊತ್ತುಮಾಡಿಕೊಂಡೆವು. ಪಾವಗಡದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ ಅವಳು, "ನೀರಿಲ್ಲ ಅಂತ ಊರು ಬಿಟ್ಟೋನು, ಸಮುದ್ರ ದಾಟಿ ಹೋಗಿ ಅಲ್ಲೂ ನೀರಿಲ್ಲದ ಕಡೆ ಮನೆ ತಗೋತೀಯೇನಪ್ಪಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಅವಳಿಗೆ ಒಪ್ಪಿಗೆಯಾಗುವಂಥ ಉತ್ತರ ಸಿಕ್ಕಿಲ್ಲ.

ಈ ಬಯಲಿನಲ್ಲಿ ಇಷ್ಟೊಂದು ಒಂಟಿ ಮನೆಗಳು ಎದ್ದುದಕ್ಕೆ ಒಂದು ಕಾನೂನು ಕಾರಣ. 1938ರ ಜೂನ್‌ನಲ್ಲಿ ಜಾರಿಗೆ ಬಂದ ಸ್ಮಾಲ್ ಟ್ರ್ಯಾಕ್ಟ್ ಆಕ್ಟ್, ಬೇಸಾಯಕ್ಕೂ ಗಣಿಗೂ ಒದಗದೆ ಬಿದ್ದಿದ್ದ ಕೇಂದ್ರ ಸರ್ಕಾರದ ಜಮೀನನ್ನು ತಲಾ ಐದು ಎಕರೆಯವರೆಗೆ ಸಾಮಾನ್ಯರಿಗೆ ಕೊಡಲು ಅವಕಾಶ ಮಾಡಿತು. ಮೊದಲು ಗುತ್ತಿಗೆ; ಗೊತ್ತಾದ ಅಳತೆಯ ಒಂದು ಕೋಣೆ ಕಟ್ಟಿ ತೋರಿಸಿದರೆ ಅಲ್ಪ ಬೆಲೆಗೆ ಸ್ವಂತಕ್ಕೆ. ಎರಡನೆಯ ಮಹಾಯುದ್ಧ ಮುಗಿದ ಬಳಿಕ, ಮುಖ್ಯವಾಗಿ 1950ರ ದಶಕದಲ್ಲಿ, ಲಾಸ್ ಏಂಜಲಿಸ್‌ನ ಕಾರ್ಮಿಕರೂ ಗುಮಾಸ್ತರೂ ವಾರದ ಕೊನೆಯಲ್ಲಿ ಮರದ ಹಲಗೆಗಳನ್ನು ಹೇರಿಕೊಂಡು ಬಂದು ತಮ್ಮ ತಮ್ಮ ಕೋಣೆ ನಿಲ್ಲಿಸಿಹೋದರು. ನೀರು ಬರಲಿಲ್ಲ, ಬೇಸಿಗೆ ತಾಳಲಾಗಲಿಲ್ಲ. ಬಹಳಷ್ಟು ಜನ ಮತ್ತೆ ತಿರುಗಿ ನೋಡಲಿಲ್ಲ. 1976ರಲ್ಲಿ ಆ ಕಾನೂನು ರದ್ದಾಯಿತು. ನಮ್ಮ ಕಡೆಯ ಸಾಗುವಳಿ ಚೀಟಿಯನ್ನು ಕಂಡವರಿಗೆ ಈ ಕತೆ ಹೊಸದೆನಿಸದು: ಸರ್ಕಾರ ಷರತ್ತು ಹಾಕಿ ಕೊಟ್ಟ ಜಮೀನು ಎಷ್ಟು ಕೈ ಬದಲಾದರೂ ಆ ಷರತ್ತುಗಳು ಅದರ ಬೆನ್ನು ಬಿಡುವುದಿಲ್ಲ.

ಬಿಡುವುದಿಲ್ಲವೆಂಬುದು ನಮಗೆ ಟೈಟಲ್ ಕಂಪನಿಯವರು, ಅಂದರೆ ಆಸ್ತಿಯ ಹಕ್ಕಿನ ದಾಖಲೆಗಳನ್ನು ಪರಿಶೀಲಿಸುವವರು, ಕಳಿಸಿದ ವರದಿಯಲ್ಲಿ ಸ್ಪಷ್ಟವಾಯಿತು. ನಾವು ಮೆಚ್ಚಿದ ಮನೆ ಅಂಥ ಒಂದು ಕೋಣೆಯ ಸುತ್ತ ಕಾಲಕಾಲಕ್ಕೆ ಬೆಳೆದದ್ದು. ಎರಡು ಮಲಗುವ ಕೋಣೆ, ತಗಡಿನ ಮಾಡು, ಪೂರ್ವಕ್ಕೆ ಉದ್ದನೆಯ ಜಗಲಿ. ಜಮೀನು 330 ಅಡಿಗೆ 660 ಅಡಿ, ಸರಿಯಾಗಿ ಐದು ಎಕರೆ. ಊರಿನಲ್ಲಿ ಪಹಣಿ, ಋಣಭಾರ ಪತ್ರಗಳನ್ನು ಓದಿ ಪಳಗಿದ್ದರಿಂದ ವರದಿಯ ಕೊನೆಯಲ್ಲಿ ಲಗತ್ತಿಸಿದ್ದ, ಸರ್ಕಾರ ಮೊದಲ ಒಡೆಯರಿಗೆ ಕೊಟ್ಟ ಹಕ್ಕುಪತ್ರದ ನಕಲನ್ನು ನಾನು ಮೊದಲು ತೆರೆದೆ. ತೈಲ, ಅನಿಲ ಮತ್ತು ಇತರ ಎಲ್ಲ ಖನಿಜಗಳ ಹಕ್ಕು ಅಮೆರಿಕ ಸರ್ಕಾರಕ್ಕೆ ಮೀಸಲು ಎಂದು ಅದರಲ್ಲಿತ್ತು. ರಸ್ತೆಗೂ ವಿದ್ಯುತ್ ಕಂಬ ಮೊದಲಾದ ಸಾರ್ವಜನಿಕ ಸೌಕರ್ಯಗಳಿಗೂ ಎಲ್ಲೆಗಳ ಉದ್ದಕ್ಕೆ 33 ಅಡಿ ಅಗಲದ ಪಟ್ಟಿಯನ್ನು ಬಿಡತಕ್ಕದ್ದು ಎಂದೂ ಇತ್ತು. ನಾಲ್ಕೂ ಕಡೆ 33 ಅಡಿ ಬಿಟ್ಟು ಲೆಕ್ಕ ಹಾಕಿದರೆ ಒಳಗೆ ಉಳಿಯುವುದು 264 ಅಡಿಗೆ 594 ಅಡಿ, ಅಂದರೆ 3.6 ಎಕರೆ. ಹೆಂಡತಿಗೆ ಲೆಕ್ಕ ತೋರಿಸಿದೆ. "ಒಂದೂ ಕಾಲು ಎಕರೆಗಿಂತ ಹೆಚ್ಚು ಹೋಯ್ತಲ್ಲ ರೀ! ಕೆಳಗಿರೋದು ಸರ್ಕಾರದ್ದು, ಅಂಚಿನದು ಊರವರದು. ನಮ್ಮದು ಅಂತ ಯಾವುದಕ್ಕೆ ದುಡ್ಡು ಕೊಡ್ತಿದ್ದೀವಿ?" ಎಂದು ಕೇಳಿದಳು. ಪಟ್ಟಿಯ ಮೇಲೆ ಇಂದು ಯಾರೂ ರಸ್ತೆ ಮಾಡುತ್ತಿಲ್ಲ, ನಿಜ. ಆದರೆ ಅವಳ ಪ್ರಶ್ನೆಯನ್ನು ಆಮೇಲಿನ ಎಲ್ಲ ವಿಚಾರಗಳಿಗೂ ನಾವು ಕೇಳಿಕೊಳ್ಳಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕೊಳ್ಳುವವರಿಗೆ ಮನೆ ಪರೀಕ್ಷಿಸಿ ನೋಡಲು ಸಾಮಾನ್ಯವಾಗಿ 17 ದಿನದ ಅವಧಿ ಇರುತ್ತದೆ. ನಾವು ಬೇಕೆಂದೇ ಆಗಸ್ಟ್ ತಿಂಗಳನ್ನು ಆರಿಸಿಕೊಂಡಿದ್ದೆವು. ಮಾರ್ಚ್‌ನಲ್ಲಿ ಹೂವು ನೋಡಲು ಬಂದು ಮನೆ ಕೊಂಡವರು ಮುಂದಿನ ಬೇಸಿಗೆಯೊಳಗೆ ಮಾರಲು ಹವಣಿಸುತ್ತಾರೆಂದು ಏಜೆಂಟರೇ ಹೇಳಿದ್ದರು. ಮಾರಾಟವೇ ಕಸುಬಾದವರಿಂದ ಇಂಥ ಮಾತು ಬಂದದ್ದು ನನಗೆ ಆಶ್ಚರ್ಯವೇ. ತಪಾಸಣೆಯ ದಿನ ಹನ್ನೊಂದು ಗಂಟೆಗಾಗಲೇ ನೆರಳಿನಲ್ಲಿ 43 ಡಿಗ್ರಿ. ತಪಾಸಣೆಗಾರರು ಮಾಡಿನ ಮೇಲೆ ಹೆಚ್ಚು ಹೊತ್ತು ನಿಲ್ಲದೆ ಇಳಿದು ಬಂದು, ಕೂಲರಿನ ಬದಿಯ ಮುಚ್ಚಳ ತೆಗೆದು ಒಂದು ಪ್ಯಾಡನ್ನು ನಮ್ಮ ಮುಂದೆ ಇಟ್ಟರು. ನಾರಿನ ಮೇಲೆ ಬೆರಳು ದಪ್ಪ ಬಿಳಿ ಗಸಿ ಕಟ್ಟಿತ್ತು. ಅವರು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಅದು ಹಪ್ಪಳದಂತೆ ಮುರಿಯಿತು.

"ಇದು ನಿಮ್ಮ ಬಾವಿಯ ನೀರು," ಎಂದರು.

ಮಾರಾಟದ ಜಾಹೀರಾತಿನಲ್ಲಿ "ಸ್ವಂತ ಕೊಳವೆಬಾವಿ ಇರುವ ಮನೆ" ಎಂಬ ಸಾಲು ಎಲ್ಲಕ್ಕಿಂತ ಮೇಲಿತ್ತು. ಈ ಬಯಲಿನಲ್ಲಿ ಬಹುತೇಕ ಮನೆಗಳು ಟ್ಯಾಂಕರ್ ನೀರನ್ನೇ ನಂಬಿರುವುದರಿಂದ ಆ ಸಾಲಿಗೆ ಬೆಲೆ ಹೆಚ್ಚು. ಆದರೆ ಮಾರುವವರು ಕೊಟ್ಟ ನೀರಿನ ಪರೀಕ್ಷಾ ವರದಿಯಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 3 ಮಿಲಿಗ್ರಾಂ ದಾಟಿತ್ತು. ಕ್ಯಾಲಿಫೋರ್ನಿಯಾ ಸಾರ್ವಜನಿಕ ನೀರು ಸರಬರಾಜಿಗೆ ಹಾಕಿರುವ ಮಿತಿ 2. ನಮ್ಮ ದೇಶದ ಮಾನದಂಡದಲ್ಲಿ ಬೇರೆ ಮೂಲವಿಲ್ಲದಿದ್ದರೂ 1.5ಕ್ಕಿಂತ ಹೆಚ್ಚಿರಬಾರದು. ಖಾಸಗಿ ಬಾವಿಗೆ ಕ್ಯಾಲಿಫೋರ್ನಿಯಾದ ಆ ಮಿತಿ ಅನ್ವಯಿಸುವುದಿಲ್ಲ, ಆದ್ದರಿಂದ ವರದಿಯಲ್ಲಿ ಕೆಂಪು ಗುರುತೇನೂ ಇರಲಿಲ್ಲ. ಏಜೆಂಟರು ಅದನ್ನು ಓದಿ ಪಕ್ಕಕ್ಕಿಟ್ಟಿದ್ದರು. ಪಾವಗಡದಲ್ಲಿ ಹುಟ್ಟಿದವನಿಗೆ ಅದು ಪಕ್ಕಕ್ಕಿಡುವ ಅಂಕಿಯಲ್ಲ. ಅಂಥ ನೀರು ಕುಡಿದು ಹಳದಿ ಪಟ್ಟೆ ಮೂಡಿದ ಹಲ್ಲುಗಳನ್ನು ನಮ್ಮ ತರಗತಿಯಲ್ಲಿ ಯಾರೂ ವಿಶೇಷವೆಂದು ನೋಡುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ನೆಲದಿಂದ ಏಳಲು ಗೋಡೆ ಹಿಡಿಯುತ್ತಿದ್ದರು. ಆಳಕ್ಕೆ ಕೊರೆದಷ್ಟೂ ಹಳೆಯ ನೀರು, ಕಲ್ಲಿನೊಡನೆ ಹೆಚ್ಚು ಕಾಲ ಕೂತ ನೀರು. ಪಕ್ಕದ ಟ್ವೆಂಟಿನೈನ್ ಪಾಮ್ಸ್‌ನಲ್ಲಿ ನೀರು ಸರಬರಾಜು ಮಾಡುವ ಸಂಸ್ಥೆ ಫ್ಲೋರೈಡ್ ತೆಗೆಯಲೆಂದೇ ಒಂದು ಶುದ್ಧೀಕರಣ ಘಟಕವನ್ನು ನಡೆಸುತ್ತದೆ. ಕೊಳವೆ ಅಲ್ಲಿಗೇ ನಿಲ್ಲುತ್ತದೆ, ವಂಡರ್ ವ್ಯಾಲಿಗೆ ಬರುವುದಿಲ್ಲ.

ಹಾಗಾಗಿ ಬಾವಿಯನ್ನು ಲೆಕ್ಕದಿಂದ ತೆಗೆದು, ಮನೆಯ ಹಿಂದಿದ್ದ ನೀರಿನ ತೊಟ್ಟಿಯ ಕಡೆ ಹೋದೆವು. ಅದು ತಗಡಿನದು, ಹಳೆಯದು. ತಪಾಸಣೆಗಾರರು ಗೆಣ್ಣಿನಿಂದ ತಟ್ಟುತ್ತ ಬುಡದಿಂದ ಮೇಲಕ್ಕೆ ಬಂದರು. ಒಂದು ಅಂಗೈ ಅಗಲದ ಕಡೆ ದನಿ ಮಂದವಾಯಿತು, ಅಲ್ಲಿ ಬಣ್ಣ ಹೊಪ್ಪಳಿಕೆಯೆದ್ದಿತ್ತು. ಒಳಗಿನಿಂದ ತುಕ್ಕು ಹಿಡಿದಿದೆ, ಇನ್ನೆರಡು ಬೇಸಿಗೆ ತಡೆಯುವುದು ಕಷ್ಟ, ಎಂದು ಬರೆದುಕೊಂಡರು. ಇಲ್ಲಿಗೆ ಬರುವ ಟ್ಯಾಂಕರು ಒಂದು ಬಾರಿಗೆ 2,000 ಗ್ಯಾಲನ್, ಅಂದರೆ ಸುಮಾರು 7,500 ಲೀಟರ್ ತರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದ್ದವರಿಗೆ ಟ್ಯಾಂಕರಿನ ಹಾರನ್ ಹೊಸದಲ್ಲ. ವ್ಯತ್ಯಾಸವೆಂದರೆ ಇಲ್ಲಿ ಅದು ತಪ್ಪಿದರೆ ಪಕ್ಕದ ಬ್ಲಾಕಿನಿಂದ ಕೊಡ ತುಂಬಿಸಿ ತರುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೆರೆಮನೆಯವರು ತಮ್ಮ ಹಳೆಯ ಪಿಕಪ್ ಟ್ರಕ್ಕಿನಲ್ಲಿ ಬಂದರು. ನಿವೃತ್ತ ನರ್ಸ್, ಎಪ್ಪತ್ತರ ಆಚೆಯ ವಯಸ್ಸು. ಕುಶಲ ಕೇಳುವ ಮೊದಲೇ, "ನೀವು ಇರೋದಕ್ಕೆ ಕೊಳ್ತಿದ್ದೀರೋ, ಬಾಡಿಗೆಗೆ ಬಿಡೋದಕ್ಕೋ?" ಎಂದು ಕೇಳಿದರು. ಪ್ರಶ್ನೆಯಲ್ಲಿ ಒರಟುತನವಿತ್ತೆನ್ನಲಾರೆ; 2020ರ ನಂತರ ಈ ಭಾಗದಲ್ಲಿ ಮನೆಗಳು ದಿನಬಾಡಿಗೆಯ ವ್ಯಾಪಾರಕ್ಕೆ ಹೇಗೆ ಹೋದವೆಂಬುದನ್ನು ಕಂಡವರು ಅದನ್ನೇ ಮೊದಲು ಕೇಳುತ್ತಾರೆ. ದಾರಿ ಹಾಳಾದಾಗ ಮಣ್ಣು ಎಳೆಯುವವರಿಲ್ಲ, ರಾತ್ರಿಯಿಡೀ ದೀಪ ಉರಿಯುತ್ತದೆ, ಕಷ್ಟಕ್ಕೆ ಕರೆದರೆ ಮನೆಯಲ್ಲಿ ಬೇರೆ ಬೇರೆ ಮುಖಗಳು. ಇರುವುದಕ್ಕೇ ಎಂದು ನಾವು ಹೇಳಿದ ಮೇಲೆ ಅವರು ಇಳಿದು, ನಮ್ಮನ್ನು ಜಮೀನಿನ ದಕ್ಷಿಣದ ಅಂಚಿಗೆ ಕರೆದುಕೊಂಡು ಹೋದರು.

ಅಲ್ಲಿ ಒಂದು ತಗ್ಗು, ನೋಡಿದರೆ ಗಾಡಿ ಓಡಾಡಿದ ಜಾಡಿನಂತೆ. ಅದರ ದಂಡೆಯ ಕ್ರಿಯೊಸೋಟ್ ಪೊದೆಯೊಂದರಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಒಣಕಡ್ಡಿ, ಪ್ಲಾಸ್ಟಿಕ್ ಚೂರು, ಹರಿದ ತಂತಿ ಎಲ್ಲ ಸುತ್ತಿಕೊಂಡು ಒಂದು ಗೆರೆಯಾಗಿ ನಿಂತಿದ್ದವು. ಅವರು ಆ ಗೆರೆಯನ್ನು ಕೈಯಿಂದ ತೋರಿಸಿ, ದೂರದ ಬೆಟ್ಟವನ್ನು ತೋರಿಸಿದರು: ಅಲ್ಲಿ ಮಳೆ ಹೊಯ್ದರೆ ಇಲ್ಲಿ ಹಳ್ಳ ಬರುತ್ತದೆ, ಇಲ್ಲಿ ಒಂದು ಹನಿಯೂ ಬೀಳಬೇಕೆಂದಿಲ್ಲ. ವರ್ಷವಿಡೀ ಸೇರಿ ನಾಲ್ಕು ಅಂಗುಲದ ಆಸುಪಾಸು ಮಳೆಯಾಗುವ ಜಾಗ. ಆದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೆಕ್ಸಿಕೊ ಕಡೆಯಿಂದ ಬರುವ ತೇವದ ಗಾಳಿ ಒಮ್ಮೊಮ್ಮೆ ಅದರ ದೊಡ್ಡ ಪಾಲನ್ನು ಒಂದೇ ಸಂಜೆ ಸುರಿಯುತ್ತದೆ. ಆ ದಿನಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚಿ ಕೂಲರು ಕೆಲಸಕ್ಕೆ ಬಾರದು, ಒಂದು ಕೋಣೆಗಾದರೂ ಏಸಿ ಹಾಕಿಸಿಕೊಳ್ಳಿ, ಎಂದೂ ಹೇಳಿದರು. ಕಾನೂನಿನ ಪ್ರಕಾರ ಮಾರುವವರು ಕೊಡಬೇಕಾದ ನೈಸರ್ಗಿಕ ಅಪಾಯಗಳ ಪ್ರಕಟಣೆ ನಮ್ಮ ಕಡತದಲ್ಲಿತ್ತು, ಹಲವು ಪುಟ. ಆ ಪೊದೆ ಹೇಳಿದಷ್ಟನ್ನು ಅದು ಹೇಳಿರಲಿಲ್ಲ. ಮನೆ ಆ ತಗ್ಗಿಗಿಂತ ಎತ್ತರದಲ್ಲಿದೆ ಎಂಬುದನ್ನು ಅವರೇ ನಿಂತು ಅಂದಾಜು ಮಾಡಿ ಹೇಳಿದ ಮೇಲೆ ನಮಗೆ ಸಮಾಧಾನವಾಯಿತು. ಮುಳುಗುವುದು ದಾರಿ, ಮನೆಯಲ್ಲ.

ಹೊರಡುವಾಗ ಅವರು ಬಾಗಿ ತಮ್ಮ ಟ್ರಕ್ಕಿನ ಕೆಳಗೆ ನೋಡಿದರು, ಆಮೇಲೆ ನಮ್ಮ ಕಾರಿನ ಕೆಳಗೂ ನೋಡಿದರು. ಏನೋ ಬಿದ್ದಿದೆಯೆಂದು ನನ್ನ ಹೆಂಡತಿ ಓಡಿ ಹೋದಳು. ಆಮೆಗಾಗಿ, ಎಂದರು. ಮೊಹಾವಿಯ ಮರುಭೂಮಿ ಆಮೆ 1990ರಿಂದ ಕೇಂದ್ರ ಸರ್ಕಾರದ ರಕ್ಷಿತ ಪಟ್ಟಿಯಲ್ಲಿದೆ; ಬಿಸಿಲಿನಲ್ಲಿ ನಿಂತ ವಾಹನದ ನೆರಳಿಗೆ ಬಂದು ಕೂರುವುದು ಅದರ ಅಭ್ಯಾಸ. ಕಂಡರೆ ಕೈಯಲ್ಲಿ ಎತ್ತುವಂತಿಲ್ಲ; ಹೆದರಿದ ಆಮೆ ತಿಂಗಳುಗಟ್ಟಲೆ ಒಡಲಲ್ಲಿ ಕೂಡಿಟ್ಟ ನೀರನ್ನೆಲ್ಲ ಬಿಟ್ಟುಬಿಡುತ್ತದೆ, ಮತ್ತೆ ಮಳೆ ಬರುವಷ್ಟರಲ್ಲಿ ಸಾಯಲೂಬಹುದು. ಅದಾಗಿಯೇ ಹೋಗುವವರೆಗೆ ಕಾಯಬೇಕು, ಆಫೀಸಿಗೆ ಹೊತ್ತಾದರೂ ಸರಿ.

ಹಣದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ನಾವು ಕೇಳಿದ ಬ್ಯಾಂಕು, ಹೋಲಿಸಿ ನೋಡಲು ಹತ್ತಿರದಲ್ಲಿ ಇಂಥ ಮನೆಗಳ ಮಾರಾಟವಿಲ್ಲ, ಕುಡಿಯುವ ನೀರಿನ ಮೂಲವೂ ಇಲ್ಲ ಎಂಬ ಕಾರಣ ಕೊಟ್ಟು ಸಾಲ ನಿರಾಕರಿಸಿತು. ಎರಡನೆಯ ಕಾರಣವನ್ನು ನಾನು ಅಲ್ಲಗಳೆಯಲಾರೆ. ಕೊನೆಗೆ ಮಾರುವವರೇ ಅರ್ಧ ಹಣ ಮುಂಗಡವಾಗಿ, ಉಳಿದದ್ದು ಕಂತಿನಲ್ಲಿ ಪಡೆಯಲು ಒಪ್ಪಿದರು. ತಪಾಸಣೆಯ ವರದಿಯನ್ನು ಮುಂದಿಟ್ಟು ಹೊಸ ತೊಟ್ಟಿಯ ಮತ್ತು ಏಸಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆವು. ಬಾವಿಯ ಬಗ್ಗೆ ಅವರು ಜಗ್ಗಲಿಲ್ಲ. ಬಾವಿ ಇದೆ ಎಂದು ಬರೆದಿದ್ದೇವೆ, ಇದೆ ಕೂಡ, ಎಂಬುದು ಅವರ ವಾದ. 1978ರಲ್ಲಿ ಮತದಾರರು ಅಂಗೀಕರಿಸಿದ 13ನೇ ಪ್ರಸ್ತಾವದಿಂದಾಗಿ ಆಸ್ತಿ ತೆರಿಗೆಯ ಮೂಲ ದರ ಕೊಂಡ ಬೆಲೆಯ ಶೇ. 1ಕ್ಕೆ ಸೀಮಿತ, ತೆರಿಗೆಗೆ ಹಿಡಿಯುವ ಆ ಬೆಲೆಯೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಅದರ ಮೇಲೆ ಅಗ್ನಿಶಾಮಕ ಶುಲ್ಕದಂಥವು ಬೇರೆ. ನೋಟರಿಯ ಮುಂದೆ ಸಹಿಗಳಾಗಿ, ಕ್ರಯಪತ್ರ ಸ್ಯಾನ್ ಬರ್ನಾರ್ಡಿನೊ ಕೌಂಟಿಯ ದಾಖಲೆಗೆ ಸೇರಿತು.

ನೋಂದಣಿಯ ಸುದ್ದಿ ಕೇಳಿ ಅಮ್ಮ ಮೊದಲು ಕೇಳಿದ್ದು, "ಬಾಂದುಕಲ್ಲು ನೋಡಿಕೊಂಡ್ಯಾ?" ಎಂದು. ಇಲ್ಲಿ ಕಲ್ಲಿನ ಬದಲು ನೆಲದಲ್ಲಿ ಹೂತ ಕಬ್ಬಿಣದ ಕೊಳವೆಯ ಮೇಲೆ ಅಂಕೆಗಳನ್ನು ಕೊರೆದ ಹಿತ್ತಾಳೆ ಬಿಲ್ಲೆ. ಮೂರು ಮೂಲೆಗಳಲ್ಲಿ ಮಣ್ಣು ಕೆದಕಿದ ಮೇಲೆ ಸಿಕ್ಕಿದವು. ನಾಲ್ಕನೆಯದು ಹಳ್ಳದ ಕಡೆಯದು. ನೀರು ಅದನ್ನು ಹೂತುಹಾಕಿದೆಯೋ ಕಿತ್ತುಕೊಂಡು ಹೋಗಿದೆಯೋ ಹೇಳುವವರಿಲ್ಲ. ಬಿಸಿಲು ಇಳಿದ ಮೇಲೆ, ಅಕ್ಟೋಬರಿನಲ್ಲಿ ಬರುತ್ತೇನೆಂದು ಸರ್ವೆಯವರು ಹೇಳಿದ್ದಾರೆ. ಅದರ ಮುಂಗಡವನ್ನು ಈಗಲೇ ಪಡೆದುಕೊಂಡಿದ್ದಾರೆ.