ಮೂರು ಗಂಟೆ ಕಾದರೂ ಬಾರದ ಚಾಕೊಲೇಟು

16 ಮಾರ್ಚ್ 2025, ಭಾನುವಾರ

ಇವತ್ತು ಹಾಲು ಬಂದದ್ದೇ ಎಂಟೂವರೆಗೆ. ಕಾಫಿಯಿಲ್ಲದೆ ಕೂತಿದ್ದಾಗ ‘ಲಾ ಸೆರ್ವಾ ಪದ್ರೋನಾ’ ಎಂಬ ಇಟಾಲಿಯನ್ ಒಪೇರಾದ (ಹಾಡಿನಲ್ಲೇ ನಡೆಯುವ ನಾಟಕದ) ಯಜಮಾನ ಉಬೆರ್ತೊ ನೆನಪಾದ. ಒಪೇರಾ ಶುರುವಾಗುವುದೇ ಅವನ ಗೊಣಗಾಟದಿಂದ: ಕಾದರೂ ಬಾರದ್ದು, ಮಲಗಿದರೂ ನಿದ್ದೆ ಹತ್ತದ್ದು, ಎಷ್ಟು ದುಡಿದರೂ ಮೆಚ್ಚುಗೆ ಸಿಗದ್ದು, ಈ ಮೂರೂ ಜೀವ ತೆಗೆಯುವಂಥವು. ಚಾಕೊಲೇಟಿಗೆ ಕಾದು ಮೂರು ಗಂಟೆಯಾಗಿದೆ, ಪಾಪ. ಮನೆಗೆಲಸದ ಸೆರ್ಪೀನಾ ಜಪ್ಪಯ್ಯ ಅಂದರೂ ತರುವುದಿಲ್ಲ.

ಇಟಲಿಯ ಸಂಗೀತಗಾರ ಪೆರ್ಗೊಲೆಸಿ ಇದನ್ನು ಬರೆದದ್ದು 1733ರಲ್ಲಿ, ನೇಪಲ್ಸಿನಲ್ಲಿ, 23ರ ಹರೆಯದಲ್ಲಿ. ಅವನದೇ ಒಂದು ಗಂಭೀರ ಒಪೇರಾದ ಅಂಕಗಳ ನಡುವೆ ಜನರನ್ನು ನಗಿಸಲು ಬರೆದ ಎರಡು ತುಂಡುಗಳು. ಹಾಡುವವರು ಇಬ್ಬರೇ. ಆ ಗಂಭೀರ ಒಪೇರಾದ ಹೆಸರು ನನಗೆ ಪ್ರತಿಸಲವೂ ಮರೆತುಹೋಗುತ್ತದೆ. ನಡುವಿನ ತಮಾಷೆ ಮಾತ್ರ ಇವತ್ತಿಗೂ ರಂಗದ ಮೇಲಿದೆ. 1752ರಲ್ಲಿ ಇಟಲಿಯ ತಂಡವೊಂದು ಪ್ಯಾರಿಸಿನಲ್ಲಿ ಆಡಿದಾಗ ಫ್ರೆಂಚ್ ಸಂಗೀತ ಮೇಲೋ ಇಟಲಿಯದೋ ಎಂದು ಪಂಡಿತರು ಜಗಳಕ್ಕೇ ಬಿದ್ದರು. ತತ್ವಜ್ಞಾನಿ ರೂಸೋ ಇಟಲಿಯ ಕಡೆ.

ನನಗಿಷ್ಟ ಮೊದಲ ಭಾಗದ ಕೊನೆಯ ಯುಗಳಗೀತೆ. ನಿಮ್ಮ ಕಳ್ಳಗಣ್ಣೇ ಹೇಳುತ್ತಿದೆ, ಬಾಯಲ್ಲಿ ಒಲ್ಲೆ ಅಂದರೂ ಕಣ್ಣಲ್ಲಿ ಹೂಂ ಅನ್ನುತ್ತಿದ್ದೀರಿ, ಅಂತ ಯಜಮಾನನನ್ನೇ ಮದುವೆಯಾಗಬೇಕೆಂದಿರುವ ಸೆರ್ಪೀನಾ ಅವನ ಮುಖಕ್ಕೇ ಹಾಡುತ್ತಾಳೆ. ಅವನು ಎಷ್ಟು ಕೊಸರಾಡಿದರೂ ಅವಳು ಎಳೆದ ದಾರಿಯಲ್ಲೇ ಹೋಗುತ್ತಾನೆ. ಮದುವೆ ಅಲ್ಲೇ ಗಟ್ಟಿಯಾಯಿತು ಅನ್ನಿ.

ಪೆರ್ಗೊಲೆಸಿ ತೀರಿಕೊಂಡದ್ದು 1736ರಲ್ಲಿ, ಇದೇ ಮಾರ್ಚ್ 16ರಂದು, ನೇಪಲ್ಸಿನ ಹತ್ತಿರದ ಪೊತ್ಸುವೊಲಿಯ ಸನ್ಯಾಸಿಗಳ ಮಠದಲ್ಲಿ. ವಯಸ್ಸು 26. ಸತ್ತ ಮೇಲೆ ಹೆಸರು ಎಷ್ಟು ಏರಿತೆಂದರೆ ಯಾರ್‍ಯಾರೋ ಬರೆದದ್ದಕ್ಕೆಲ್ಲ ಇವನ ಹೆಸರು ಅಂಟಿತು. 1920ರಲ್ಲಿ ರಷ್ಯದ ಸಂಗೀತಗಾರ ಸ್ಟ್ರಾವಿನ್‌ಸ್ಕಿ ತನ್ನ ‘ಪುಲ್ಚಿನೆಲ್ಲಾ’ ನೃತ್ಯನಾಟಕಕ್ಕೆ ಎತ್ತಿಕೊಂಡ ‘ಪೆರ್ಗೊಲೆಸಿ’ಯಲ್ಲೂ ಎಷ್ಟೋ ಬೇರೆಯವರದು.

ಕಾಫಿ ಕುಡಿಯುತ್ತ ಪೂರ್ತಿ ಕೇಳಿದೆ, ಮುಕ್ಕಾಲು ಗಂಟೆ. ಆಮೇಲೆ ಹೊಳೆಯಿತು: ಕತೆಯಲ್ಲಿ ಮೂರನೆಯವನೊಬ್ಬನಿದ್ದಾನೆ, ಆಳು ವೆಸ್ಪೋನೆ. ಸಿಪಾಯಿ ವೇಷ ಹಾಕಿ, ಸೆರ್ಪೀನಾಳ ಸುಳ್ಳು ಮದುವಣಿಗನಾಗಿ ಬಂದು ಯಜಮಾನನನ್ನು ಹೆದರಿಸುವವನು ಅವನೇ. ಆದರೆ ಮೂಗ. ಇಷ್ಟು ವರ್ಷ ಬರೀ ಕಿವಿಯಲ್ಲಿ ಕೇಳಿದ ನನಗೆ ಅವನು ಒಮ್ಮೆಯೂ ಸಿಕ್ಕಿಲ್ಲ. ಮುಂದಿನ ಭಾನುವಾರ ವಿಡಿಯೋ ಹುಡುಕಬೇಕು.