ಗಂಟೆ ನೋಡಬೇಡಿ, ಎಲ್ಲಿ ನಿಂತರು ಅಂತ ನೋಡಿ

ಓದು ಬರಹ, ಸರಳ ಲೆಕ್ಕ ಕಲಿಯಲು ಬರುವ ದೊಡ್ಡವರಿಗೆ ಪಾಠ ಮಾಡುವುದು ನನ್ನ ಕೆಲಸ. ಈಗೀಗ ಜಾಸ್ತಿ ಪಾಠ ಆನ್‌ಲೈನ್‌ನಲ್ಲೇ. ಶಿಫ್ಟ್ ಕೆಲಸದವರು, ಸಣ್ಣ ಮಕ್ಕಳನ್ನು ಬಿಟ್ಟು ಬರಲಾಗದವರು, ಇವರಿಗೆಲ್ಲ ಇದು ನಿಜಕ್ಕೂ ಅನುಕೂಲ. ಹೊಸದಾಗಿ ಸೇರಿದ ಶಿಕ್ಷಕರು ಮೊದಲು ಕೇಳುವುದು ಯಾವ ಆ್ಯಪ್ ಒಳ್ಳೆಯದು ಅಂತ. ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಅನ್ನುತ್ತೇನೆ. ಕಲಿಯುವವರು ಯಾವ ಪ್ರಶ್ನೆಯ ಹತ್ತಿರ ನಿಂತುಬಿಟ್ಟರು, ಅದನ್ನು ನೋಡಿ.

ಮರಗೆಲಸ ಮಾಡುವ ಒಬ್ಬರಿದ್ದರು. ಕಾಲು, ಅರ್ಧ, ಮುಕ್ಕಾಲು ಎಲ್ಲ ಬಾಯಲ್ಲೇ ಲೆಕ್ಕ, ನನಗಿಂತ ಬೇಗ. ಆದರೆ ದಶಮಾಂಶದ ಪಾಠದಲ್ಲಿ ಸಾಲು ಸಾಲು ಕೆಂಪು ಗುರುತು. ಸ್ಕ್ರೀನ್ ಶೇರ್ ಮಾಡಿ, ನಾನು ನೋಡ್ತಾ ಇರ್ತೀನಿ, ನೀವು ಮಾಡಿ ಅಂದೆ. ಉತ್ತರ 0.75. ಅವರು ಸೊನ್ನೆಯ ಬದಲು ಕೀಬೋರ್ಡಿನ ಇಂಗ್ಲಿಷ್ 'ಓ' ಅಕ್ಷರ ಒತ್ತುತ್ತಿದ್ದರು. ನೋಡಲು ಎರಡೂ ಒಂದೇ ಥರ ಅಲ್ವಾ. ಪ್ರೋಗ್ರಾಂ ಮಾತ್ರ "ತಪ್ಪು, ಮತ್ತೆ ಪ್ರಯತ್ನಿಸಿ" ಅನ್ನುತ್ತಿತ್ತು, ಯಾಕೆ ತಪ್ಪು ಅಂತ ಒಂದು ಮಾತೂ ಇಲ್ಲ. "ಬಿಡಿ ಮೇಡಂ, ಇದು ನನ್ನ ತಲೆಗೆ ಹತ್ತೋದಲ್ಲ" ಅಂತ ಅವರು ಬಿಟ್ಟುಹೋಗುವುದರಲ್ಲಿದ್ದರು. ಉತ್ತರದ ಕೊನೆಗೆ ಒಂದು ಸ್ಪೇಸ್ ಬಿದ್ದರೂ ಕೆಲವು ಪ್ರೋಗ್ರಾಂಗಳಲ್ಲಿ ಇದೇ ಗತಿ. 1/2 ಅನ್ನುವ ಕಡೆ 2/4 ಬರೆದರೂ ಅಷ್ಟೇ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡು ಹೊರಬಿದ್ದವರಿಗೆ ಆ ಕೆಂಪು ಗುರುತು ಎಷ್ಟು ಚುಚ್ಚುತ್ತದೆ ಅಂತ ಆ್ಯಪ್ ಮಾಡಿದವರಿಗೆ ಗೊತ್ತಿರಲಿಕ್ಕಿಲ್ಲ.

ಯಾರು ಎಷ್ಟು ಮಾಡಿದರು ಅಂತ ಶಿಕ್ಷಕರಿಗೆ ತೋರಿಸುವ ಡ್ಯಾಶ್‌ಬೋರ್ಡ್ ಪುಟದಲ್ಲಿ ಇದ್ಯಾವುದೂ ಮೇಲೆ ಇರುವುದಿಲ್ಲ. ಅಲ್ಲಿ ದೊಡ್ಡದಾಗಿ ಕಾಣುವುದು ಲಾಗಿನ್ ಆಗಿದ್ದ ಗಂಟೆ. ಅಮೆರಿಕದ ವಯಸ್ಕರ ಶಿಕ್ಷಣದಲ್ಲಿ ದೂರ ಕಲಿಕೆಯ ಗಂಟೆಗೆ ಮೂರು ಥರದ ಲೆಕ್ಕ ಇದೆ: ಪ್ರೋಗ್ರಾಂ ತಾನೇ ಅಳೆದ ಸಮಯ, ಶಿಕ್ಷಕರು ಕೆಲಸ ನೋಡಿ ಒಪ್ಪಿದ ಸಮಯ, ಪಾಠದ ಪರೀಕ್ಷೆ ಪಾಸಾದರೆ ಸಿಗುವ ಸಮಯ. ಮೊದಲನೆಯದಕ್ಕೆ, ಸ್ವಲ್ಪ ಹೊತ್ತು ಏನೂ ಮಾಡದಿದ್ದರೆ ಪ್ರೋಗ್ರಾಂ ತಾನೇ ಲಾಗ್‌ಔಟ್ ಆಗಬೇಕು ಅಂತ ಎಷ್ಟೋ ಕಡೆ ಷರತ್ತೂ ಇದೆ. ಇರಲೇಬೇಕು ಬಿಡಿ, ಇಲ್ಲದಿದ್ದರೆ ಪೇಜ್ ತೆರೆದಿಟ್ಟು ಮಲಗಿದವರೂ ಓದಿದ ಹಾಗೇ. ಆದರೆ ಸೊನ್ನೆ ಎಲ್ಲಿದೆ ಅಂತ ಗೊತ್ತಾಗದೆ ಅರ್ಧ ಗಂಟೆ ಒದ್ದಾಡಿದವರೂ ಈ ಲೆಕ್ಕದಲ್ಲಿ ಚೆನ್ನಾಗಿ ಓದಿದವರೇ!

ಹಾಗಾಗಿ ಮೊದಲ ಪಾಠ ಪಾಠವೇ ಅಲ್ಲ. ಎದುರುಬದುರು ಕೂರುವುದು, ಆಗದಿದ್ದರೆ ವಿಡಿಯೊ ಕಾಲ್. ಪಾಸ್‌ವರ್ಡ್ ಹಾಕುವುದು, ಮರೆತರೆ ಹೊಸದು ಮಾಡುವುದು, ಸೊನ್ನೆ ಎಲ್ಲಿ, ಚುಕ್ಕೆ ಎಲ್ಲಿ, ಹಿಂದಿನ ಪುಟಕ್ಕೆ ಹೋಗುವುದು ಹೇಗೆ. ಇದನ್ನೆಲ್ಲ ನಾನು ಮಾಡಿ ತೋರಿಸುವುದಿಲ್ಲ, ಅವರ ಕೈಯಲ್ಲೇ ಮಾಡಿಸುತ್ತೇನೆ. ಇದು ಟೈಮ್ ವೇಸ್ಟ್ ಅನ್ನುವವರು ಇದ್ದಾರೆ. ಅಮೆರಿಕದಲ್ಲಿ ಹೈಸ್ಕೂಲಿಗೆ ಸಮ ಅನ್ನುವ ಜಿಇಡಿ ಪರೀಕ್ಷೆ 2014ರಲ್ಲಿ ಕಂಪ್ಯೂಟರ್‌ಗೆ ಬಂದ ಮೇಲೆ, ಲೆಕ್ಕ ಬಂದು ಕೀಬೋರ್ಡ್ ಬಾರದವರು ಪರೀಕ್ಷೆ ಕೋಣೆಯಲ್ಲೇ ಕಷ್ಟಪಡಬೇಕಾಗುತ್ತದೆ. ಇನ್ನು ವೇಸ್ಟ್ ಎಲ್ಲಿ ಬಂತು?

ಫೋನ್ ಯಾರದು ಅಂತಲೂ ಅವತ್ತೇ ಕೇಳಿಬಿಡುತ್ತೇನೆ. ಯುನೆಸ್ಕೋ ಲೆಕ್ಕದಲ್ಲಿ ಓದು ಬರಹ ಬಾರದ ದೊಡ್ಡವರು ಜಗತ್ತಿನಲ್ಲಿ 70 ಕೋಟಿಗೂ ಜಾಸ್ತಿ, ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರು. ನನ್ನ ಗುಂಪಿನಲ್ಲೂ ಹೆಂಗಸರೇ ಜಾಸ್ತಿ, ಎಷ್ಟೋ ಜನರಿಗೆ ಫೋನ್ ಕೈಗೆ ಸಿಗುವುದು ಮನೆಯವರೆಲ್ಲ ಮಲಗಿದ ಮೇಲೆ. ಅವರಿಗೆ ಸಂಜೆಯ ಲೈವ್ ಕ್ಲಾಸ್ ಇಟ್ಟರೆ ಏನು ಉಪಯೋಗ? ಚಿಕ್ಕ ಚಿಕ್ಕ ಪಾಠ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವಂಥದ್ದು, ಅದೇ ಸರಿ.

ಆಮೇಲೆ ವಾರಕ್ಕೊಮ್ಮೆ ಫೋನ್. "ಎಷ್ಟು ಮುಗೀತು?" ಅಂತ ಕೇಳಿದರೆ "ಆಗ್ತಾ ಇದೆ ಮೇಡಂ" ಅಂತಾರೆ, ಮಾತು ಅಲ್ಲಿಗೇ ಮುಗೀತು. "ಯಾವ ಪ್ರಶ್ನೆಗೆ ಸಿಟ್ಟು ಬಂತು?" ಅಂತ ಕೇಳಿ ನೋಡಿ. ಒಂದೊಂದಾಗಿ ಹೊರಗೆ ಬರುತ್ತದೆ.

ಒಂದು ವಾರ ಲಾಗಿನ್ ಕಾಣದಿದ್ದರೂ ನಾನೇ ಫೋನ್ ಮಾಡುತ್ತೇನೆ. ಪ್ರೋಗ್ರಾಂ ತಾನೇ ಒಂದು ನೆನಪೋಲೆ ಕಳಿಸಿರುತ್ತದೆ ನಿಜ. ಓದು ಕಲಿಯುತ್ತಿರುವವರಿಗೆ, ನಾಲ್ಕು ಪ್ಯಾರಾದ ಈಮೇಲ್!