ಹಳೆ ಲ್ಯಾಪ್‌ಟಾಪಿಗೆ ಐ7 ಹಾಕುವ ಮೊದಲು: ಬೆಂಚಿನ ಮೇಲಿನ ಲೆಕ್ಕಾಚಾರ

"ಇದಕ್ಕೊಂದು ಐ7 ಹಾಕಿ ಕೊಡಿ ಮಾರಾಯ್ರೆ, ಎಷ್ಟಾಗ್ತದೆ?" ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್ ಹಿಡಿದು ಹೀಗೆ ಕೇಳುವ ಗಿರಾಕಿಗಳು ಮಂಗಳೂರಿನಲ್ಲಿ ಈಗಲೂ ಉಂಟು. ಐ7 ಎಂದರೆ ಇಂಟೆಲ್ ಕಂಪನಿಯ ಮೇಲ್ದರ್ಜೆಯ ಪ್ರೊಸೆಸರ್, ಐ3, ಐ5 ಅದಕ್ಕಿಂತ ಕೆಳಗಿನವು. ರೇಟು ಹೇಳಲಿಕ್ಕೆ ಅವಸರ ಬೇಡ. ಯಾವ ಕೆಲಸಕ್ಕೆ ಯಂತ್ರ ತಿಣುಕುತ್ತದೋ ಅದನ್ನೇ ಅವರಿಂದ ಮಾಡಿಸಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಡಿಸ್ಕ್ 100 ಪರ್ಸೆಂಟಿಗೆ ಅಂಟಿಕೊಂಡು ಸಿಪಿಯು, ಅಂದರೆ ಪ್ರೊಸೆಸರ್, 25–30ರಲ್ಲಿ ಸುಮ್ಮನೆ ಕೂತಿದ್ದರೆ ಪ್ರೊಸೆಸರಿನ ಮಾತೇ ಬೇಡ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 8 ಜಿಬಿ ಮಾಡಿ, ಕಳಿಸಿ. ವಿಡಿಯೊ ರೆಂಡರ್ ಮಾಡುವಾಗ ಸಿಪಿಯು 100ರಲ್ಲೇ ನಿಂತಿದ್ದರೆ ಮಾತ್ರ ಮುಂದಿನ ಲೆಕ್ಕ. ಮದುವೆ ವಿಡಿಯೊ ಎಡಿಟ್ ಮಾಡುವವರ ಯಂತ್ರಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ.

ಎರಡನೇ ಪ್ರಶ್ನೆ, ಪ್ರೊಸೆಸರ್ ಬಿಚ್ಚಲಿಕ್ಕೆ ಬರುತ್ತದೆಯೇ? ಇಂಟೆಲ್‌ನಲ್ಲಿ 2013ರ ನಾಲ್ಕನೇ ತಲೆಮಾರಿನವರೆಗೆ ಮಾತ್ರ ಲ್ಯಾಪ್‌ಟಾಪಿಗೆ ಸಾಕೆಟ್ಟಿನಲ್ಲಿ ಕೂರಿಸಿ ಬಿಚ್ಚಬಹುದಾದ ಪ್ರೊಸೆಸರ್ ಬರುತ್ತಿತ್ತು. ಐದನೆಯದರಿಂದ ಎಲ್ಲವೂ ಬೋರ್ಡಿಗೇ ಬೆಸುಗೆ. ಅದಕ್ಕಿಂತ ಹಳೆಯದರಲ್ಲೂ ಹೆಸರಿನ ಕೊನೆಗೆ 'ಯು' ಇದ್ದರೆ ಬೆಸುಗೆಯೇ. ನಾಲ್ಕನೇ ತಲೆಮಾರಿನಲ್ಲಿ 'ಎಂಕ್ಯೂ' ಸಾಕೆಟ್ಟಿನದು, 'ಎಚ್‌ಕ್ಯೂ' ಬೆಸುಗೆಯದು. 'ಎಂ' ಎಂದಿದ್ದರೆ ಹೆಸರನ್ನೇ ನಂಬಬೇಡಿ, ಕೆಲವು ಮಾಡೆಲ್ ಎರಡೂ ರೂಪದಲ್ಲಿ ಬಂದಿವೆ. ಯಂತ್ರದೊಳಗಿನ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಂ ಹಾಕಿ ಪ್ಯಾಕೇಜ್ ಸಾಲು ಓದಿ: 'ಆರ್‌ಪಿಜಿಎ' ಎಂದಿದ್ದರೆ ಬಿಚ್ಚಬಹುದು, 'ಬಿಜಿಎ' ಎಂದಿದ್ದರೆ ಅಲ್ಲಿಗೇ ಬಿಡಿ. ರೀಬಾಲಿಂಗ್ (ಬೆಸುಗೆ ಬಿಡಿಸಿ ಹೊಸ ಬೆಸುಗೆ ಗುಂಡು ಇಡುವುದು) ಮಾಡಿ ದೊಡ್ಡ ಚಿಪ್ ಕೂರಿಸುತ್ತೇವೆ ಎನ್ನುವವರಿದ್ದಾರೆ. ಆ ಖರ್ಚಿಗೆ ಸೆಕೆಂಡ್‌ಹ್ಯಾಂಡ್ ಎಂಟನೇ ತಲೆಮಾರಿನ ಯಂತ್ರ ಹುಡುಕುವುದು ಮೇಲು.

ಅದೇ ಸಿಪಿಯು-ಝಡ್‌ನ ಮೇನ್‌ಬೋರ್ಡ್ ಪುಟದಲ್ಲಿ ಚಿಪ್‌ಸೆಟ್, ಅಂದರೆ ಪ್ರೊಸೆಸರಿಗೂ ಬೋರ್ಡಿನ ಉಳಿದ ಭಾಗಗಳಿಗೂ ಕೊಂಡಿಯಾದ ಚಿಪ್, ಯಾವುದೆಂದು ನೋಡಿಕೊಳ್ಳಿ. ಹೊಸಬರು ಮೋಸ ಹೋಗುವುದು ಇಲ್ಲಿ. ಎರಡನೇ ಮತ್ತು ಮೂರನೇ ತಲೆಮಾರಿನ ಸಾಕೆಟ್ ಒಂದೇ, 988ಬಿ. ಹಾಗಾಗಿ ಎಚ್‌ಎಂ65 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಮೂರನೇ ತಲೆಮಾರಿನ ಚಿಪ್ ಅಂದವಾಗಿ ಕೂರುತ್ತದೆ. ಆದರೆ ಕಂಪನಿ ಅದಕ್ಕೆ ತಕ್ಕ ಬಯೋಸ್ (ಆನ್ ಮಾಡಿದೊಡನೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಕೊಟ್ಟಿಲ್ಲದಿದ್ದರೆ ಸ್ಕ್ರೀನ್ ಬೆಳಗುವುದಿಲ್ಲ. ಇನ್ನೊಂದು, ಎಚ್‌ಎಂ70. ಇದು ಸೆಲೆರಾನ್, ಪೆಂಟಿಯಂಗೆಂದೇ ಮಾಡಿದ ಚಿಪ್‌ಸೆಟ್. ಇದರಲ್ಲಿ ಐ3, ಐ5 ಹಾಕಿದರೆ ಯಂತ್ರ ಆನ್ ಆಗುತ್ತದೆ, ವಿಂಡೋಸ್ ಬರುತ್ತದೆ, ಗಿರಾಕಿಗೂ ಖುಷಿ. ಸುಮಾರು 30 ನಿಮಿಷಕ್ಕೆ ಫಕ್ಕನೆ ಆಫ್. ಬಿಸಿಯಿಂದ ಆಗಿರಬೇಕೆಂದು ಪ್ರೊಸೆಸರಿನ ಬಿಸಿ ದಾಟಿಸುವ ಪೇಸ್ಟ್ ಬದಲಿಸುತ್ತಾರೆ, ಫ್ಯಾನ್ ಬದಲಿಸುತ್ತಾರೆ, ಅಡಾಪ್ಟರ್ ಬದಲಿಸುತ್ತಾರೆ. ಪ್ರತಿ ಸಲವೂ ಅದೇ ಅರ್ಧ ಗಂಟೆ. ಬಿಸಿಯಿಂದ ಆಫ್ ಆಗುವ ಯಂತ್ರ ಇಷ್ಟು ಗಡಿಯಾರ ನೋಡಿಕೊಂಡು ಆಫ್ ಆಗುವುದಿಲ್ಲ. ಇದು ಚಿಪ್‌ಸೆಟ್ಟಿನೊಳಗೇ ಇಟ್ಟ ಬೀಗ.

ಮೂರನೆಯದು ವ್ಯಾಟ್, ಅಂದರೆ ಚಿಪ್ ಎಷ್ಟು ಬಿಸಿ ಹೊರಹಾಕುತ್ತದೆ ಎಂಬ ಲೆಕ್ಕ. ಐ3-2310ಎಂ ಇರುವ ಬೋರ್ಡಿಗೆ ಐ5-2520ಎಂ ಅಥವಾ ಐ7-2640ಎಂ ಹಾಕಿದರೆ ಮೂರೂ 35 ವ್ಯಾಟಿನವು, ಆ ಬಿಸಿಯನ್ನು ಎಳೆದುಕೊಳ್ಳುವ ಹೀಟ್‌ಸಿಂಕ್ ಮುಟ್ಟಬೇಕಾಗಿಲ್ಲ. ನಾಲ್ಕು ಕೋರ್ ಬೇಕೆಂದು ಐ7-2670ಕ್ಯೂಎಂ ಹಾಕಿದರೆ ಅದು 45 ವ್ಯಾಟ್. ಸಪೂರ ಒಂದೇ ತಾಮ್ರದ ಪೈಪಿನ ಹೀಟ್‌ಸಿಂಕ್‌ಗೆ ಅದು ಹೊರೆ, 65 ವ್ಯಾಟಿನ ಅಡಾಪ್ಟರಿಗೂ ಹೊರೆ. ಅದೇ ಮಾಡೆಲಿನ ದೊಡ್ಡ ಹೀಟ್‌ಸಿಂಕ್ ಮತ್ತು 90 ವ್ಯಾಟ್ ಅಡಾಪ್ಟರ್ ಸೇರಿಸಿಯೇ ರೇಟು ಹೇಳಿ. ಮೂರನೇ ತಲೆಮಾರಿನ ಬೋರ್ಡಾದರೆ ಐ7-3632ಕ್ಯೂಎಂ ಹುಡುಕಿ. ನಾಲ್ಕು ಕೋರ್ ಇದ್ದೂ 35 ವ್ಯಾಟ್. ತರಿಸುವಾಗ ಸಾಕೆಟ್ ರೂಪದ್ದೇ ಎಂದು ಖಚಿತ ಮಾಡಿಕೊಳ್ಳಿ, ಇದು ಬಿಜಿಎ ರೂಪದಲ್ಲೂ ಉಂಟು. ಚಿಪ್ಪಿನ ಮೇಲಿನ ಕೋಡ್ 'ಎಸ್‌ಆರ್' ಎಂದು ಶುರುವಾಗಬೇಕು. 'ಕ್ಯೂ' ಎಂದು ಶುರುವಾದರೆ ಅದು ಪರೀಕ್ಷೆಗೆಂದು ಮಾಡಿದ ಸ್ಯಾಂಪಲ್, ಎಷ್ಟೇ ಕಡಿಮೆಗೆ ಸಿಕ್ಕಿದರೂ ಬೇಡ.

ಬಯೋಸ್ ಅಪ್‌ಡೇಟ್ ಇದ್ದರೆ ಹಳೆ ಪ್ರೊಸೆಸರ್ ಇರುವಾಗಲೇ ಮಾಡಿ ಮುಗಿಸಿ. ಬ್ಯಾಟರಿ ಸತ್ತ ಯಂತ್ರಕ್ಕೆ ಯುಪಿಎಸ್ ಬೇಕೇ ಬೇಕು. ಮೇ ಸಂಜೆಯ ಗುಡುಗಿನ ಹೊತ್ತಿಗಂತೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಿಚ್ಚುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ: ಅಡಾಪ್ಟರ್, ಬ್ಯಾಟರಿ ತೆಗೆದು ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯುವುದು, ಆಮೇಲೆ ಉಳಿದದ್ದು. ಆದರೆ ಪಣಂಬೂರು, ಉಳ್ಳಾಲ, ಮಲ್ಪೆ ಕಡೆಯಿಂದ ಬರುವ ಯಂತ್ರಗಳಲ್ಲಿ ಸ್ಕ್ರೂಗಳು ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತವೆ. ಸವೆದ ಸ್ಕ್ರೂಡ್ರೈವರ್ ಬಿಟ್ ಹಾಕಿ ತಿರುಗಿಸಿದರೆ ತಲೆ ಉರುಟಾಗಿ ಹೋಗುತ್ತದೆ. ಹೊಸ ಪಿಎಚ್0 (ಚಿಕ್ಕ ಪ್ಲಸ್ ತುದಿಯ) ಬಿಟ್ ಬಳಸಿ. ಸಡಿಲವಾಗದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಒಂದೇ ಹನಿ ಮುಟ್ಟಿಸಿ ಹತ್ತು ನಿಮಿಷ ಕಾಯಿರಿ. ಬೋರ್ಡಿನ ಮೇಲೆ ಸ್ಪ್ರೇ ಹೊಡೆಯಬೇಡಿ.

ಹೀಟ್‌ಸಿಂಕ್ ಮೇಲೆ 1, 2, 3, 4 ಎಂದು ಬರೆದಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಪ್ರತಿಯೊಂದನ್ನೂ ಅರ್ಧರ್ಧ ಸುತ್ತು. ಕೂರಿಸುವಾಗ 1ರಿಂದ 4ಕ್ಕೆ, ಹಾಗೆಯೇ. ಲ್ಯಾಪ್‌ಟಾಪ್ ಚಿಪ್ಪಿಗೆ ಮೇಲೆ ಲೋಹದ ಮುಚ್ಚಳ ಇಲ್ಲ, ಬರೀ ಸಿಲಿಕಾನ್. ಒಂದು ಮೂಲೆಯನ್ನು ಮೊದಲೇ ಬಿಗಿದರೆ ಇನ್ನೊಂದು ಮೂಲೆಯ ಅಂಚು ಚಕ್ಕೆ ಏಳುತ್ತದೆ, ಚಿಪ್ ಹೋಯಿತು.

ಸಾಕೆಟ್ಟಿನ ಬದಿಯ ಚಪ್ಪಟೆ ಸ್ಕ್ರೂವನ್ನು ತೆರೆದ ಬೀಗದ ಚಿತ್ರದ ಕಡೆಗೆ ಅರ್ಧ ಸುತ್ತು ತಿರುಗಿಸಿದರೆ ಸಾಕು, ಪ್ರೊಸೆಸರ್ ಬೆರಳಿಗೆ ಬರುತ್ತದೆ. ಹೊಸದನ್ನು ಮೂಲೆಯ ತ್ರಿಕೋನ ನೋಡಿ ಇಡಿ. ಅದು ತನ್ನ ಭಾರಕ್ಕೇ ಇಳಿಯಬೇಕು. ಇಳಿಯದಿದ್ದರೆ ಒತ್ತಬೇಡಿ, ಎತ್ತಿ ಅಡ್ಡಲಾಗಿ ಬೆಳಕಿಗೆ ಹಿಡಿಯಿರಿ, ಸಾಲು ತಪ್ಪಿದ ಪಿನ್ ಕಾಣುತ್ತದೆ. ಕಡ್ಡಿ ತೆಗೆದ 0.5 ಮಿ.ಮೀ. ಮೆಕ್ಯಾನಿಕಲ್ ಪೆನ್ಸಿಲಿನ ತುದಿ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಒಂದೇ ಪಿನ್ನನ್ನು ಎರಡೆರಡು ಸಲ ಬಗ್ಗಿಸಿದರೆ ಮುರಿಯುತ್ತದೆ.

ಹಳೆ ಪೇಸ್ಟನ್ನು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಟಿಯ ಮಳೆಯಲ್ಲಿ ಆ ಬಾಟಲಿ ತೆರೆದಿಟ್ಟರೆ ಗಾಳಿಯ ನೀರನ್ನು ಕುಡಿಯುತ್ತದೆ, ಬಳಸಿದ ಕೂಡಲೇ ಮುಚ್ಚಿ. ಹೊಸ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು, ಸಿಲಿಕಾನ್ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಿ. ಪಕ್ಕದ ಬಿಡಿಭಾಗಗಳ ಮೇಲಿನ ಥರ್ಮಲ್ ಪ್ಯಾಡ್ ಹರಿದಿದ್ದರೆ ಅಷ್ಟೇ ದಪ್ಪದ ಪ್ಯಾಡನ್ನೇ ಹಾಕಿ. ಅಲ್ಲಿ ಪೇಸ್ಟ್ ಸುರಿದರೆ ಸಂದು ತುಂಬುವುದಿಲ್ಲ. ತೀರ ದಪ್ಪದ ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಪ್ರೊಸೆಸರಿಗೇ ತಾಗುವುದಿಲ್ಲ.

ಫ್ಯಾನ್ ಬಿಚ್ಚಿ ರೆಕ್ಕೆಗೂ ತಾಮ್ರದ ಹಲ್ಲುಗಳಿಗೂ ನಡುವೆ ನೋಡಿ. ಮುರಕಲ್ಲಿನ ಕೆಂಪು ಧೂಳು ಈ ತೇವಕ್ಕೆ ಅಂಟಿ ಕಂಬಳಿಯ ತುಂಡಿನಂತೆ ಕೂತಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಬರುವುದಿಲ್ಲ, ಚಿಮಟದಿಂದ ಎಳೆದು ತೆಗೆಯಬೇಕು.

ಮೊದಲ ಸಲ ಆನ್ ಮಾಡಿದಾಗ ಯಂತ್ರ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆದರೆ ಗಾಬರಿ ಬೇಡ, ಒಂದು ನಿಮಿಷ ಕಾಯಿರಿ. ಆಮೇಲೂ ಸ್ಕ್ರೀನ್ ಕಪ್ಪೇ ಇದ್ದರೆ ರ್‍ಯಾಮ್ ತೆಗೆದು ಹಾಕಿ. ಅದಕ್ಕೂ ಬಗ್ಗದಿದ್ದರೆ ಹಳೆ ಪ್ರೊಸೆಸರ್ ಹಾಕಿ ನೋಡಿ. ಅದರಲ್ಲಿ ಓಡಿದರೆ ಬೋರ್ಡ್ ಸರಿ ಉಂಟು, ತಕರಾರು ಚಿಪ್ಪಿನದ್ದು ಅಥವಾ ಬಯೋಸಿನದ್ದು.

ಕೆಲಸ ಶುರು ಮಾಡುವ ಮೊದಲೇ ಗಿರಾಕಿಗೆ ಒಂದು ಮಾತು ಹೇಳಿ ಬಿಲ್ಲಿನಲ್ಲೂ ಬರೆಯಿರಿ: ವಿಂಡೋಸ್ 11ರ ಪಟ್ಟಿಯಲ್ಲಿ ಇಂಟೆಲ್ ಸಾಮಾನ್ಯವಾಗಿ ಶುರುವಾಗುವುದು ಎಂಟನೇ ತಲೆಮಾರಿನಿಂದ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ3 ತೆಗೆದು ಅದೇ ತಲೆಮಾರಿನ ಐ7 ಹಾಕಿದರೂ ಇದು ಬದಲಾಗುವುದಿಲ್ಲ. ಕೇಳಿದ ಮೇಲೆ ಅರ್ಧದಷ್ಟು ಜನ ಎಸ್‌ಎಸ್‌ಡಿ ಸಾಕು ಎಂದರೂ ನಷ್ಟವೇನಿಲ್ಲ, ಆಮೇಲೆ ಬಂದು ಜಗಳ ಮಾಡುವುದು ತಪ್ಪುತ್ತದೆ.

ಟೆಸ್ಟನ್ನು ಎಸಿ ರೂಮಿನಲ್ಲಿ ಮಾಡಬೇಡಿ. 22 ಡಿಗ್ರಿಯಲ್ಲಿ 82 ತೋರಿಸಿದ ಪ್ರೊಸೆಸರ್, ಎಪ್ರಿಲ್ ಸೆಕೆಯ 34 ಡಿಗ್ರಿಯಲ್ಲಿ 95ರ ಹತ್ತಿರ ಹೋಗಿ, ತಾನೇ ವೇಗ ಇಳಿಸಿಕೊಳ್ಳುವ ಮಟ್ಟಕ್ಕೆ ಹತ್ತಿರವಾಗುತ್ತದೆ. ಎಸಿ ಆಫ್ ಮಾಡಿ, ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್‌ಫೋ ತೆರೆದಿಟ್ಟು, ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ಒಂದು ಗಂಟೆ ಓಡಿಸಿ. ಅರ್ಧ ಗಂಟೆಯ ಬೀಗ ಇದ್ದರೆ ಅದೂ ಇದರಲ್ಲೇ ಗೊತ್ತಾಗುತ್ತದೆ. 90ರೊಳಗೆ ನಿಂತರೆ ಕವರ್ ಮುಚ್ಚಿ, ಹಳೆ ಪ್ರೊಸೆಸರನ್ನು ಹೊಸದು ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಾಕಿ ಗಿರಾಕಿಯ ಕೈಗೆ ಕೊಡಿ.